ಬಗ್ಗಿಸಿದರೆ ಉಬ್ಬುವ ಡಿಸ್ಕ್: ನಾನೇ ಮಾಡಿದ ಸೊಂಟದ ಮಾಡೆಲ್

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬೆನ್ನುಮೂಳೆಯಲ್ಲಿ ಮೂಳೆ ಸರಿಯಾಗಿರುತ್ತದೆ, ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಮಾತ್ರ ಸುಳ್ಳು. ಗಟ್ಟಿ ರಬ್ಬರ್ ಬಿಲ್ಲೆ. ಒಂದು ಕಡೆ ಕೆಂಪು ಉಬ್ಬು ಅಂಟಿಸಿರುತ್ತಾರೆ, ಅದೇ ಸ್ಲಿಪ್ ಡಿಸ್ಕ್ ಅಂತೆ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದಿದ್ದೆ. ನೋಡಿದ ಪೇಷಂಟ್‌ಗಳದ್ದೆಲ್ಲ ಒಂದೇ ಮಾತು: "ಹಂಗಾದ್ರೆ ಜರುಗಿರೋದನ್ನ ಒಳಗೆ ತಳ್ಳಿಬಿಡಿ ಡಾಕ್ಟ್ರೇ." ತಳ್ಳಿಸಿಕೊಳ್ಳೋಕೆ ಅಂತ ಸೊಂಟ ತುಳಿಸಿಕೊಂಡು ಬಂದವರೂ ಇದ್ದಾರೆ.

ನನ್ನ ಫಿಸಿಯೋ ಕ್ಲಿನಿಕ್ ಇರುವುದು ಚಿಕ್ಕಮಗಳೂರಿನಲ್ಲಿ. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ತೋಟದವರೇ ಜಾಸ್ತಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಲು, 50 ಕೆಜಿ ಮೂಟೆ ಲೋಡಿಂಗ್. ಆಮೇಲೆ ನಮ್ಮಲ್ಲಿಗೆ ಸಾಲು ಶುರು. ವ್ಯಾಯಾಮ ಹೇಳಿಕೊಟ್ಟರೆ ವಾರದೊಳಗೆ ಬಿಡುತ್ತಿದ್ದರು. ಒಳಗೆ ಏನಾಗಿದೆ ಅಂತ ಗೊತ್ತಾಗದೆ ಯಾರು ತಾನೇ ಮಾಡ್ತಾರೆ ಹೇಳಿ? ಹಾಗಾಗಿ ಬಗ್ಗಿಸಿದರೆ ನಿಜವಾಗಿ ಉಬ್ಬುವ ಡಿಸ್ಕ್ ಮಾಡಲು ಹೊರಟೆ. ಪರಿಚಯದ ಮೂಳೆ ಡಾಕ್ಟರ್ "ಆಟಿಕೆ" ಅಂದರು. ಸೀನಿಯರ್ ಒಬ್ಬರು, "ಉಬ್ಬಿದ್ದನ್ನು ಕಂಡರೆ ಜನ ಹೆದರಿ ಹಾಸಿಗೆ ಹಿಡೀತಾರೆ, ಬೇಡ" ಅಂದರು.

33 ಮೂಳೆಯ ಗೊಡವೆಗೆ ಹೋಗಲಿಲ್ಲ. ಸೊಂಟದ ಮೂರನೇ ಮೂಳೆ ಎಲ್ 3ರಿಂದ ಸೊಂಟದ ಕೆಳಗಿನ ತ್ರಿಕಾಸ್ಥಿ ಶುರುವಾಗುವ ಎಸ್ 1ವರೆಗೆ ಸಾಕು, ಅಳತೆ ಎರಡರಷ್ಟು. ಮೊದಲು ಸಿಲ್ವರ್ ಓಕ್‌ನಲ್ಲಿ ಕೆತ್ತಿಸಿದೆ. ಇಲ್ಲಿ ಅದಕ್ಕೇನು ಬರ? ಆದರೆ ಹಸಿ ಮರ, ಬಿಸಿಲು ಬಿದ್ದ ಕೂಡಲೇ ಸೀಳು ಬಿಟ್ಟಿತು. ಆಚಾರ್ರ ಕೂಲಿ ಎರಡು ಸಾವಿರದ ಮೇಲೆ ಹೋಯಿತು. ಆಮೇಲೆ ಹಳೆ ಮನೆ ಕೆಡವಿದ ಕಡೆ ಹಲಸಿನ ತೊಲೆ ಸಿಕ್ಕಿತು. ಅದು ಇವತ್ತಿಗೂ ಹಾಗೇ ಇದೆ. ಮೂಳೆಗಳ ಹಿಂಬದಿಯ ಸಣ್ಣ ಕೀಲುಗಳಾದ ಫ್ಯಾಸೆಟ್‌ಗಳಿಗೆ ಮಾತ್ರ ಕಿತ್ತು ಹಾಕಿದ ಹಳೆ ರೊಬಸ್ಟಾ ಬುಡ. ಕಾಫಿ ಮರ ಬಿಗಿ, ಉಜ್ಜಿದರೆ ನುಣುಪಾಗುತ್ತದೆ. ಫ್ಯಾಸೆಟ್ ಜಾರಬೇಕಲ್ವಾ?

ನಿಜವಾದ ಗೋಳು ಡಿಸ್ಕ್‌ದು. ಹೊರಗಿನ ನಾರಿನ ಉಂಗುರಕ್ಕೆ, ಅಂದರೆ ಆನ್ಯುಲಸ್‌ಗೆ, ಬ್ಯಾಂಡೇಜ್ ಬಟ್ಟೆಯ ಪಟ್ಟಿಗಳನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಸುತ್ತಿದೆ. ನೇರವಾಗಿ ಸುತ್ತಿದ್ದು ತಿರುಚಿದ ಕೂಡಲೇ ಹರಿಯಿತು. ನಮ್ಮ ದೇಹದಲ್ಲಿ ಎಳೆಗಳು ಸುಮಾರು 30 ಡಿಗ್ರಿ ಓರೆ, ಒಂದು ಪದರ ಎಡಕ್ಕಾದರೆ ಮುಂದಿನದು ಬಲಕ್ಕೆ, ಹೀಗೆ 15–25 ಪದರ. ನಾನು ಹತ್ತು ಹನ್ನೆರಡಕ್ಕೆ ನಿಲ್ಲಿಸಿದೆ. ಓರೆಯಾಗಿ ಸುತ್ತಿದ ಮೇಲೆ ಗಟ್ಟಿಯಾಯಿತು. ಆಗಲೇ ಒಂದು ಕೈಗೆ ಸಿಕ್ಕಿತು: ತಿರುಚಿದಾಗ ಅರ್ಧ ಪದರ ಬಿಗಿಯುತ್ತದೆ, ಉಳಿದರ್ಧ ಸಡಿಲ. ಬಗ್ಗಿ, ತಿರುಗಿ ಮೂಟೆ ಎತ್ತುವವನ ಸೊಂಟ ಯಾಕೆ ಹಿಡಿಯುತ್ತದೆ ಅಂತ ವಿವರಿಸುವುದೇ ಬೇಡ. ಮಾಡೆಲ್ ಅವನ ಕೈಗೇ ಕೊಟ್ಟು ತಿರುಗಿಸು ಅನ್ನುತ್ತೇನೆ.

ಡಿಸ್ಕ್ ನಡುವಿನ ಜೆಲ್‌ನಂಥ ತಿರುಳೇ ನ್ಯೂಕ್ಲಿಯಸ್. ಅದಕ್ಕೆ ನೀರು ತುಂಬಿದ ಬಲೂನ್ ಇಟ್ಟೆ, ಒಡೆಯಿತು. ಚೈನಾ ಗ್ರಾಸ್ ಹಾಕಿದೆ, ವಾರದಲ್ಲಿ ಹಳಸಿ ನಾರಿತು. ಸಿಲಿಕಾನ್ ಕಲ್ಲಾಯಿತು. ಇಷ್ಟಕ್ಕೇ ಐದಾರು ಸಾವಿರ ಕರಗಿತ್ತು. ಕೊನೆಗೆ ಕೈ ಹಿಡಿದದ್ದು ಮಕ್ಕಳ ಡೈಪರ್ ಒಳಗಿನ ಹರಳು. ನೀರು ಕುಡಿದು ಉಬ್ಬಿ, ಹಿಂಡಿದರೂ ಬಿಡುವುದಿಲ್ಲ. ನ್ಯೂಕ್ಲಿಯಸ್ ಕೆಲಸವೂ ಅದೇ ತಾನೇ. ಹರಳಿಗೆ ನೀರೆಷ್ಟು, ತುಂಬಿದ ತೂತು ಮುಚ್ಚಿದ್ದು ಹೇಗೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡಿಸ್ಕ್ ಹಿಂದೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗೆ ರಿಬ್ಬನ್, ಸೊಂಟದ ಭಾಗದಲ್ಲಿ ಬೇಕಂತಲೇ ಸಪೂರ. ಮುಂದಕ್ಕೆ ಬಗ್ಗಿಸಿದರೆ ಜೆಲ್ ಹಿಂದಕ್ಕೆ ಬಂದು ರಿಬ್ಬನ್ ಪಕ್ಕದಲ್ಲಿ ಉಬ್ಬುತ್ತದೆ. ನರಕ್ಕೆ ಹಳದಿ ವೈರ್. ಎಲ್ 4–ಎಲ್ 5 ಡಿಸ್ಕ್ ಉಬ್ಬಿದರೆ ಸಾಮಾನ್ಯವಾಗಿ ಒತ್ತುವುದು ಎಲ್ 5 ನರವನ್ನು, ಎಲ್ 4 ಮೇಲೇ ಹೊರಟು ಹೋಗಿರುತ್ತದೆ. ಹೊಸ ಹುಡುಗರು ಎಡವುವ ಜಾಗ ಇದು, ಇಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಒಂದು ಎಚ್ಚರಿಕೆ: ಸವೆದು ಒಣಗಿದ ಡಿಸ್ಕ್‌ನಲ್ಲಿ ಜೆಲ್ ಹೀಗೆ ಲೆಕ್ಕದಂತೆ ಸರಿಯುವುದಿಲ್ಲ.

ಸುಮ್ನೆ ಕುತೂಹಲಕ್ಕೆ ಒಂದು ಡಿಸ್ಕ್‌ಗೆ ಸಿರಿಂಜಿನಲ್ಲಿ ಉಪ್ಪುನೀರು ಬಿಟ್ಟೆ. ಹರಳು ನೀರು ಬಿಟ್ಟುಕೊಟ್ಟಿತು, ಡಿಸ್ಕ್ ಕುಗ್ಗಿತು, ಭಾರವೆಲ್ಲ ಹಿಂದಿನ ಫ್ಯಾಸೆಟ್ ಮೇಲೆ ಬಿತ್ತು. ಬೆನ್ನುಮೂಳೆಯ ಸವೆತ, ಅಂದರೆ ಸ್ಪಾಂಡಿಲೋಸಿಸ್, ತೋರಿಸಲು ಇದಕ್ಕಿಂತ ಏನು ಬೇಕು? ಅದೇ ಮಾಡೆಲ್‌ಗೆ ಸೈಕಲ್ ಟ್ಯೂಬಿನಲ್ಲಿ ನರದ ದಾರಿಯ ಹಿಂಬದಿಯ ಲಿಗಮೆಂಟ್ (ಲಿಗಮೆಂಟಮ್ ಫ್ಲೇವಮ್) ಮಾಡಿ ಸೇರಿಸಿದೆ. ಹಿಂದಕ್ಕೆ ಬಾಗಿಸಿದರೆ ಟ್ಯೂಬ್ ಮಡಚಿ ನರದ ದಾರಿಗೆ ಅಡ್ಡ ಬರುತ್ತದೆ, ಮುಂದಕ್ಕೆ ಬಗ್ಗಿಸಿದರೆ ದಾರಿ ಬಿಡುತ್ತದೆ. ನರದ ದಾರಿ ಕಿರಿದಾದ, ಅಂದರೆ ಸ್ಟೆನೋಸಿಸ್ ಇರುವ ಅಜ್ಜ ನಾಲ್ಕು ಹೆಜ್ಜೆ ನಡೆದು ಬಗ್ಗಿ ಕೂರುವುದು ಇದಕ್ಕೇ. ಡಿಸ್ಕ್‌ನವರಿಗೆ ಕೊಡುವ ಹಿಂದಕ್ಕೆ ಬಾಗುವ ವ್ಯಾಯಾಮ ಅವರಿಗೆ ಕೊಡಬೇಡಿ.

ಇನ್ನು ಸೀನಿಯರ್ ಹೇಳಿದ ಹೆದರಿಕೆ. ಹೊರಗೆ ಬಂದ ಜೆಲ್ ಚೂರನ್ನು ಒಂದು ಸಣ್ಣ ಬಾಟಲಿಯಲ್ಲಿ ಒಣಗಿಸಿ ಇಟ್ಟಿದ್ದೇನೆ. ಕಡಲೆ ಗಾತ್ರ ಇದ್ದದ್ದು ಈಗ ಸಾಸಿವೆಯಷ್ಟು. ದೇಹದೊಳಗೂ ಹೊರಬಂದ ಚೂರು ಎಷ್ಟೋ ಸಲ ತಾನೇ ಕುಗ್ಗುತ್ತದೆ, ನಮ್ಮ ಬಿಳಿ ರಕ್ತಕಣಗಳೇ ಅದನ್ನು ತಿಂದು ಹಾಕುತ್ತವೆ ಅಂತ ಬಾಟಲಿ ಹಿಡಿದು ಹೇಳುತ್ತೇನೆ. ಮೂಡಿಗೆರೆ ಕಡೆಯ ಅಮ್ಮ ಒಬ್ಬರು ಡಿಸ್ಕ್ ಮೇಲೆ ಹೆಬ್ಬೆರಳು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. "ಹಂಗಾದ್ರೆ ಮೂಳೆ ಎಲ್ಲೂ ಜರುಗಿಲ್ವಾ?" ಇಲ್ಲಮ್ಮ ಅಂದೆ. ಆ ಸೀಸನ್ ಪೂರ್ತಿ ವ್ಯಾಯಾಮ ಬಿಡಲಿಲ್ಲ ಆ ತಾಯಿ. ಮೊದಲು ಹತ್ತು ಜನರಲ್ಲಿ ಮೂರು ನಾಲ್ಕು ಮಂದಿ ಮುಂದುವರಿಸುತ್ತಿದ್ದರು, ಈಗ ಏಳೆಂಟು. "ಆಟಿಕೆ" ಅಂದ ಡಾಕ್ಟರೇ ಈಗ ಪೇಷಂಟ್‌ಗಳನ್ನು "ಆ ಮರದ ಸೊಂಟ ನೋಡ್ಕೊಂಡು ಬನ್ನಿ" ಅಂತ ಕಳಿಸುತ್ತಾರೆ.

ಒಂದು ಮಾತು ಮಾತ್ರ ಎಲ್ಲರಿಗೂ ಹೇಳಿಯೇ ಕಳಿಸುತ್ತೇನೆ: ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ನನ್ನ ಹತ್ತಿರ ಬರಬೇಡಿ, ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಹೋಗಿ.

ಕೈ ಕುದುರಿದ ಮೇಲೆ ಒಂದು ಡಿಸ್ಕ್‌ಗೆ ಇನ್ನೂರು ರೂಪಾಯಿ ಆಸುಪಾಸು ಬೀಳುತ್ತದೆ, ಮರದ ಕೆಲಸ ಬೇರೆ. ಈಗ ಕುತ್ತಿಗೆಯ ಐದು, ಆರನೇ ಮೂಳೆ (ಸಿ 5–ಸಿ 6) ಹಿಡಿದಿದ್ದೇನೆ. ಅಲ್ಲಿ ಮೂಳೆಯ ಅಂಚು ಮೇಲಕ್ಕೆದ್ದಿರುತ್ತದೆ, ಆಚಾರ್ರಿಗೆ ಅದು ಇನ್ನೂ ಒಲಿದಿಲ್ಲ. ಅಡ್ವಾನ್ಸ್ ಕೊಟ್ಟಾಗಿದೆ.