ಕನೆಕ್ಟರ್‌ನಲ್ಲಿ ಏನೂ ಇಲ್ಲ ಅಂದವರಿಗೆ: ಹಡಗಿನ ಸ್ಲಾಟ್ ಮೆಷಿನ್‌ಗಳ ಜೊತೆ ನನ್ನ ಅನುಭವ

ಪ್ರವಾಸಿ ಹಡಗಿನ ಕ್ಯಾಸಿನೋದಲ್ಲಿ ಸ್ಲಾಟ್ ಮೆಷಿನ್, ಅಂದರೆ ದುಡ್ಡು ಹಾಕಿ ಆಡುವ ಜೂಜಿನ ಯಂತ್ರ, ರಿಪೇರಿ ಮಾಡೋದು ನನ್ನ ಕೆಲಸ ಆಗಿತ್ತು. ಕ್ಯಾಸಿನೋದ ಮುಂಭಾಗದ ಎರಡು ಸಾಲು, ಒಟ್ಟು 16 ಮೆಷಿನ್. ಇಡೀ ಹಡಗಿನಲ್ಲಿ 180ರ ಹತ್ತಿರ ಇದ್ದವು. ಆದರೆ ನನ್ನ ನಿದ್ದೆ ಕೆಡಿಸಿದ್ದು ಈ ಹದಿನಾರೇ. ಸಂಜೆ ಕ್ಯಾಸಿನೋ ತೆರೆದ ಅರ್ಧ ಗಂಟೆಗೆ ರೇಡಿಯೋ ಕೂಗಲು ಶುರು. ಒಂದರಲ್ಲಿ ನೋಟು ಒಳಗೆ ಹೋಗೋದಿಲ್ಲ. ಇನ್ನೊಂದರಲ್ಲಿ ಬಾಗಿಲು ಮುಚ್ಚೇ ಇದ್ದರೂ ‘ಡೋರ್ ಓಪನ್’. ಮತ್ತೊಂದರಲ್ಲಿ ರೀಲ್ ಟಿಲ್ಟ್, ಅಂದರೆ ತಿರುಗುವ ಚಿತ್ರದ ಚಕ್ರ ಸರಿಯಾದ ಜಾಗದಲ್ಲಿಲ್ಲ ಅನ್ನೋ ದೂರು. ಕೀ ಹಾಕಿ, ಬಾಗಿಲು ತೆಗೆದು ಮುಚ್ಚಿ, ರೀಸೆಟ್ ಮಾಡಿದರೆ ಸರಿಹೋಗುತ್ತಿತ್ತು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಅದೇ ರಾಗ. ವಾರಕ್ಕೆ 40–45 ಕರೆ ಬರೀ ಈ ಎರಡು ಸಾಲಿನಿಂದ.

ನನಗಿಂತ ಮುಂಚೆ ಇದ್ದವನು ನೋಟು ಓದುವ ಬಿಲ್ ವ್ಯಾಲಿಡೇಟರ್‌ಗಳನ್ನೇ ಬದಲಾಯಿಸುತ್ತ ಬಂದಿದ್ದ. ನಾನೂ ಅದನ್ನೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಮೊದಲ ಎರಡು ತಿಂಗಳಲ್ಲಿ 11 ಹಾಕಿದೆ. ಒಂದಕ್ಕೆ 400 ಡಾಲರ್ ಆಸುಪಾಸು, ಬಂದರಿಗೆ ತರಿಸುವ ಖರ್ಚು ಬೇರೆ. ಹೊಸದು ಹಾಕಿದ ಮೇಲೆ ನಾಲ್ಕೈದು ದಿನ ಶಾಂತಿ, ಆಮೇಲೆ ಮತ್ತೆ ಶುರು. ತಮಾಷೆ ಅಂದರೆ, ಕಿತ್ತು ತಂದ ಹಳೆಯ ಹನ್ನೊಂದನ್ನು ಬೆಂಚ್ ಮೇಲಿಟ್ಟು ನೋಡಿದರೆ ಒಂಬತ್ತು ಚೆನ್ನಾಗೇ ಓಡಿದವು. ಅಂದರೆ ರೋಗ ವಾಸಿ ಮಾಡುತ್ತಿದ್ದದ್ದು ಹೊಸ ವ್ಯಾಲಿಡೇಟರ್ ಅಲ್ಲ. ಪ್ಲಗ್ ಕಿತ್ತು ಮತ್ತೆ ಚುಚ್ಚುತ್ತಿದ್ದೆನಲ್ಲ, ಅದು. 4,000 ಡಾಲರ್ ಮೀರಿ ಸುರಿದ ಮೇಲೆ ನನಗೆ ಬುದ್ಧಿ ಬಂತು.

ತಂತಿಯ ಪ್ಲಗ್‌ನದ್ದೇ, ಅಂದರೆ ಕನೆಕ್ಟರ್‌ನದ್ದೇ ತೊಂದರೆ ಅಂತ ಕಚೇರಿಗೆ ಬರೆದೆ. ‘ಇದೇ ಮಾಡೆಲ್ ನೆಲದ ಮೇಲಿನ ಕ್ಯಾಸಿನೋಗಳಲ್ಲಿ ಸಾವಿರಗಟ್ಟಲೆ ಓಡುತ್ತಿವೆ, ಕನೆಕ್ಟರ್‌ನಲ್ಲಿ ಏನೂ ಇಲ್ಲ, ಸರ್ಕ್ಯೂಟ್ ಬೋರ್ಡ್ ಬದಲಾಯಿಸು’ ಅಂದರು. ಮೆಷಿನ್ ಕಂಪನಿಯಿಂದ ಬಂದಿದ್ದ ಟೆಕ್ನಿಷಿಯನ್ ಅಂತೂ ನಕ್ಕೇಬಿಟ್ಟ. ಉಪ್ಪುಗಾಳಿ ಅಂದವರೂ ಇದ್ದರು. ಉಪ್ಪು ಕಾರಣ ಆಗಿದ್ದರೆ ತಾಮ್ರದ ಮೇಲೆ ಹಸಿರು ಕಾಣಬೇಕಿತ್ತು. ಎಲ್ಲೂ ಕಾಣಲಿಲ್ಲ. ಎಸಿ ಒಳಗಿರುವ ಮೆಷಿನ್‌ಗೆ ಕಡಲಗಾಳಿ ಎಷ್ಟು ತಾನೇ ತಗಲುತ್ತೆ?

ಹೇಳಿದ ಮಾತು ಕೇಳಿ ಎರಡು ಬೋರ್ಡ್ ಬದಲಾಯಿಸಿದೆ. ಎರಡನೆಯದರಲ್ಲಿ ದೊಡ್ಡ ತಪ್ಪು ಮಾಡಿದೆ. ರಾತ್ರಿ ಮೂರೂವರೆ, ಕಣ್ಣು ಎಳೆಯುತ್ತಿತ್ತು, ಲೆಕ್ಕದ ಮೀಟರ್ ಬರೆದುಕೊಳ್ಳದೆ, ಮೆಷಿನ್ ನೆನಪೆಲ್ಲ ಅಳಿಸುವ ರ‍್ಯಾಮ್ ಕ್ಲಿಯರ್ ಒತ್ತಿಬಿಟ್ಟೆ. ಕಾಯಿನ್ ಇನ್ (ಆಡಿದ ದುಡ್ಡು), ಕಾಯಿನ್ ಔಟ್ (ಗೆದ್ದ ದುಡ್ಡು), ಹ್ಯಾಂಡ್‌ಪೇ (ಕೈಯಲ್ಲಿ ಕೊಟ್ಟ ದುಡ್ಡು) ಎಲ್ಲ ಸೊನ್ನೆ. ಸಾಕ್ಷಿಯೂ ಇಲ್ಲ. ಪುಣ್ಯಕ್ಕೆ ಸರ್ವರ್‌ನಲ್ಲಿ ಕೊನೆಯ ಓದು ಉಳಿದಿತ್ತು. ಆದರೂ ಆ ದಿನದ ಲೆಕ್ಕ ಕೂಡಿಸಲು ಅಕೌಂಟ್ಸ್‌ನವರ ಮುಂದೆ ಮೂರು ಗಂಟೆ ಕೂತಿದ್ದೆ, ಒಂದು ಎಚ್ಚರಿಕೆ ಪತ್ರವೂ ಸಿಕ್ಕಿತು. ಬೋರ್ಡ್ ಬದಲಾಯಿಸಿದ ಆ ಎರಡೂ ಮೆಷಿನ್ ವಾರದೊಳಗೆ ಮತ್ತೆ ಮಲಗಿದವು, ಅದು ಬೇರೆ ಮಾತು.

ನಮ್ಮ ಕೆಲಸದ ಕಷ್ಟ ನಿಮಗೆ ಗೊತ್ತೇ ಇದೆ. ಹಡಗು ಆ ದೇಶದ ಕಡಲಗಡಿ ದಾಟುವವರೆಗೆ, ಹೆಚ್ಚಿನ ಕಡೆ 12 ನಾಟಿಕಲ್ ಮೈಲಿ, ಕ್ಯಾಸಿನೋ ತೆಗೆಯುವ ಹಾಗಿಲ್ಲ. ಆದ್ದರಿಂದ ರಿಪೇರಿಗೆ ಸಿಗೋದು ಬಂದರಿನಲ್ಲಿ ನಿಂತ ಹೊತ್ತು. ಆಗ ಹಡಗು ಕಲ್ಲಿನ ಹಾಗೆ ನಿಂತಿರುತ್ತೆ, ಮೆಷಿನ್‌ಗಳೂ ಸಾಧುಗಳ ಹಾಗೆ ಕೂತಿರುತ್ತವೆ. ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿ.

ದಾರಿ ಸಿಕ್ಕಿದ್ದು ಕ್ಯಾಸಿನೋ ಮುಚ್ಚಿದ ಹೊತ್ತಿನ ಲಾಗ್‌ನಲ್ಲಿ, ಅಂದರೆ ಮೆಷಿನ್ ತಪ್ಪುಗಳ ದಾಖಲೆಯಲ್ಲಿ. ಮೆಷಿನ್‌ಗಳನ್ನು ಆಟಕ್ಕೆ ಡಿಸೇಬಲ್ ಮಾಡಿರುತ್ತೇವೆ ಹೊರತು ಕರೆಂಟ್ ಇದ್ದೇ ಇರುತ್ತೆ, ತಪ್ಪುಗಳು ಸರ್ವರ್‌ಗೆ ಹೋಗುತ್ತಲೇ ಇರುತ್ತವೆ. ಗಿರಾಕಿ ದೂರಿಲ್ಲದ ಹೊತ್ತಿನ ಲಾಗ್ ಯಾರು ನೋಡುತ್ತಾರೆ? ನಾನು ಒಂಬತ್ತು ವಾರದ್ದು ತೆಗೆದೆ. ಮೊದಲು ಏನೂ ಅರ್ಥ ಆಗಲಿಲ್ಲ. ಸರ್ವರ್ ಗಡಿಯಾರ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ, ಹಡಗಿನ ಗಡಿಯಾರ ದಾರಿಗೆ ತಕ್ಕಂತೆ ಒಂದು ಗಂಟೆ ಹಿಂದೆ ಮುಂದೆ. ಯಾವ ದಿನ ಎಷ್ಟು ಬದಲಾಯಿತು ಅಂತ ಹಳೆಯ ದಿನಚರಿ ಹಾಳೆಗಳಿಂದ ಹುಡುಕಿ, ಪ್ರತಿ ಸಾಲನ್ನೂ ಕೈಯಲ್ಲೇ ತಿದ್ದಿದೆ. ಮೂರು ರಾತ್ರಿ ಹಿಡಿಯಿತು. ತಿದ್ದಿದ ಮೇಲೆ ಚಿತ್ರ ಎದ್ದು ಕಂಡಿತು. ವ್ಯಾಲಿಡೇಟರ್ ಸಂಪರ್ಕ ಕಡಿದ ಘಟನೆಗಳಲ್ಲಿ ಮುಕ್ಕಾಲು ಭಾಗ ಹಡಗು ಬಂದರಿನ ಧಕ್ಕೆ ಬಿಡುವ ಅಥವಾ ಧಕ್ಕೆಗೆ ಹತ್ತುವ ಅರ್ಧ ಗಂಟೆಯೊಳಗೇ ಬಂದಿದ್ದವು.

ಬೋ ಥ್ರಸ್ಟರ್! ಮೂತಿಯನ್ನು ಪಕ್ಕಕ್ಕೆ ತಳ್ಳುವ ಆ ಪ್ರೊಪೆಲ್ಲರ್‌ಗಳು ನಮ್ಮ ಕ್ಯಾಸಿನೋದ ಕೆಲವೇ ಡೆಕ್ ಕೆಳಗೆ ಇದ್ದವು. ಮುಂದಿನ ಸಲ ಹಡಗು ಹೊರಡುವಾಗ ಖಾಲಿ ಕ್ಯಾಸಿನೋದಲ್ಲಿ ನಿಂತು ಕಾಗದದ ಲೋಟದಲ್ಲಿ ನೀರು ತುಂಬಿ ಮೆಷಿನ್ ಮೇಲಿಟ್ಟೆ. ಹಿಂದಿನ ಸಾಲುಗಳಲ್ಲಿ ನೀರು ಅಲ್ಲಾಡಲಿಲ್ಲ. ಈ 16ರ ಮೇಲೆ ಉಂಗುರ ಉಂಗುರವಾಗಿ ಕುಣಿಯಿತು. ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ, ಮೇಲಿಂದ ಇಳಿಬಿದ್ದ ಹಾರ್ನೆಸ್ (ತಂತಿಗಳ ಕಟ್ಟು) ಗಂಟೆಯ ನಾಲಗೆಯ ಹಾಗೆ ನಡುಗುತ್ತಿದೆ, ಅದರ ಭಾರವೆಲ್ಲ ಪ್ಲಗ್ ಮೇಲೆ. ಪ್ಲಗ್ ಕಿತ್ತು ಭೂತಗನ್ನಡಿಯಲ್ಲಿ ನೋಡಿದೆ. ಪಿನ್ ಮೇಲಿನ ತವರ ಸವೆದು ಕಪ್ಪು ಚುಕ್ಕೆ, ಸಾಸಿವೆಯ ಕಾಲು ಭಾಗದಷ್ಟು. ಕೂದಲೆಳೆಯಷ್ಟು ತಿಕ್ಕಾಟ ಸಾಕು. ತವರ ಪುಡಿಯಾಗುತ್ತೆ, ಪುಡಿ ಆಕ್ಸೈಡ್ ಆಗುತ್ತೆ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತೆ. ಕಿತ್ತು ಚುಚ್ಚಿದರೆ ಪುಡಿ ಸರಿದು ನಾಲ್ಕು ದಿನ ಸರಿ.

ಕಾರಣ ಸಿಕ್ಕಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಮೊದಲು ಸ್ಟ್ಯಾಂಡ್ ಕೆಳಗೆ ರಬ್ಬರ್ ಹಾಸಿದೆ. ಇನ್ನೂ ಕೆಟ್ಟಿತು, ಮೆಷಿನ್ ತೂಗಾಡಲು ಶುರುವಾಯಿತು, ಬೋಲ್ಟ್‌ಗಳು ಸಡಿಲವಾದವು. 200 ಡಾಲರ್ ರಬ್ಬರ್ ಕಸಕ್ಕೆ. ಪಿನ್‌ಗಳನ್ನು ಬರೀ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಐದು ದಿನ ಬಾಳಿತು. ಪಿನ್‌ಗೆ ಹಚ್ಚುವ ಕಾಂಟ್ಯಾಕ್ಟ್ ಲೂಬ್ರಿಕೆಂಟ್ ಹಾಕಿದೆ, ಉತ್ಸಾಹದಲ್ಲಿ ಜಾಸ್ತಿ ಸಿಂಪಡಿಸಿದೆ. ಅದು ಪಕ್ಕದಲ್ಲಿದ್ದ, ಗಿರಾಕಿಯ ದುಡ್ಡಿನ ಚೀಟಿ ಒತ್ತುವ ಟಿಕೆಟ್ ಪ್ರಿಂಟರ್‌ನ ರೋಲರ್‌ಗೆ ತಗಲಿ ಕಾಗದ ಜಾರಿತು, ಬಾರ್‌ಕೋಡ್ ಓದಲಾಗದಷ್ಟು ಕುಗ್ಗಿ ಬಂತು. ಒಂದು ಸಂಜೆ 30ಕ್ಕೂ ಹೆಚ್ಚು ಟಿಕೆಟ್‌ಗಳಿಗೆ ಕೈಯಲ್ಲೇ ದುಡ್ಡು ಕೊಡಬೇಕಾಯಿತು. ಕ್ಯಾಷಿಯರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಗೆದ್ದದ್ದು ಹೀಗೆ. ಪಿನ್ ಒರೆಸಿ ಒಣಗಿಸಿ, ಲೂಬ್ರಿಕೆಂಟನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಯೂ ಮುಟ್ಟದಷ್ಟು ಹಚ್ಚಿ, ಹಾರ್ನೆಸ್ ಭಾರವನ್ನು ಪ್ಲಗ್‌ನಿಂದ ಬಿಡಿಸಿ ಕ್ಯಾಬಿನೆಟ್‌ಗೆ ಹೊರಿಸಿದೆ. ಪ್ಲಗ್‌ನಿಂದ ಐದಾರು ಸೆಂಟಿಮೀಟರ್ ದೂರದಲ್ಲಿ ಒಂದು ಕೇಬಲ್ ಟೈ, ಟೈಗೂ ಪ್ಲಗ್‌ಗೂ ನಡುವೆ ಸಣ್ಣ ಕುಣಿಕೆ. ಮೊದಲ ಮೂರರಲ್ಲಿ ಬಿಗಿಯಾಗಿ ಕಟ್ಟಿದ್ದೆ, ಬಾಗಿಲು ತೆಗೆದು ಮುಚ್ಚಿ ಎರಡು ವಾರಕ್ಕೆ ತಂತಿ ತುಂಡಾಯಿತು. ಇನ್ನೊಂದು ಟೈ ಬೇರೆ ಜಾಗದಲ್ಲಿ ಇದೆ. ಎಲ್ಲಿ ಅಂತ ಬರೆಯೋಲ್ಲ, ಲೂಬ್ರಿಕೆಂಟ್ ಹೆಸರೂ ಹೇಳೋಲ್ಲ. ಅದಕ್ಕೆ ನನಗೆ ಏಳು ಡಬ್ಬಿ ಖರ್ಚಾಗಿದೆ, ನೀವೂ ಸ್ವಲ್ಪ ಹುಡುಕಿ. ಒಂದು ಮೆಷಿನ್‌ಗೆ ಸಾಮಾನು 3 ಡಾಲರ್, ಕೆಲಸ 25 ನಿಮಿಷ. ವಾರದ ಕರೆ 40ರಿಂದ ಮೂರೋ ನಾಲ್ಕಕ್ಕೆ ಇಳಿಯಿತು. ಕಡಲಲ್ಲೇ ಕಳೆಯುವ ದಿನ ಒಂದು ಮೆಷಿನ್ ಸತ್ತರೆ ಸುಮಾರು 150 ಡಾಲರ್ ಹೋಗುತ್ತಿತ್ತು, ಲೆಕ್ಕ ನೀವೇ ಹಾಕಿ. ನಕ್ಕಿದ್ದ ಟೆಕ್ನಿಷಿಯನ್ ಮುಂದಿನ ಸಲ ಬಂದಾಗ ಏನೂ ಮಾತಾಡದೆ ಫೋಟೋ ಹೊಡೆದುಕೊಂಡು ಹೋದ.

ರೀಲ್ ಟಿಲ್ಟ್ ವಿಷಯದಲ್ಲಿ ಒಂದು ಜಗಳ ನೆನಪಿದೆ. ಅಲೆ ಜೋರಾಗಿದ್ದ ರಾತ್ರಿ ಒಬ್ಬ ಗಿರಾಕಿ, ‘ಹಡಗು ವಾಲಿತು, ನನ್ನ ಏಳರ ಚಿತ್ರ ಒಂದು ಮನೆ ಜಾರಿತು’ ಅಂತ ಪಟ್ಟು ಹಿಡಿದ. ಲಾಸ್ಟ್ ಗೇಮ್ ರೀಕಾಲ್ ತೆಗೆದು ತೋರಿಸಿದೆ. ಬಟನ್ ಒತ್ತಿದ ಕ್ಷಣದಲ್ಲೇ ಆರ್‌ಎನ್‌ಜಿ, ಅಂದರೆ ಗೊತ್ತುಗುರಿಯಿಲ್ಲದೆ ಅಂಕಿ ಆರಿಸುವ ಪ್ರೋಗ್ರಾಂ, ಅಂಕಿ ಕೊಟ್ಟಾಗಿತ್ತು, ರೀಲ್ ಬರೀ ಅದನ್ನು ತೋರಿಸುವ ಬೊಂಬೆ. ರೀಲ್ ಜಾರಿದ್ದರೆ ಸೆನ್ಸರ್ ಹಿಡಿದು ಟಿಲ್ಟ್ ಬರುತ್ತಿತ್ತು, ಫಲಿತಾಂಶ ಬದಲಾಗೋದಿಲ್ಲ. ರೀಲ್ ನಿಲ್ಲುವ ಒಂದೊಂದು ಜಾಗವೂ ಒಂದು ಮನೆ. 22 ಮನೆಯ ರೀಲ್ ಮೂರು ಇದ್ದರೆ ಕಣ್ಣಿಗೆ ಕಾಣುವ ಜೋಡಣೆ 10,648. ಒಳಗಿನ ಲೆಕ್ಕದಲ್ಲಿ ಒಂದೊಂದಕ್ಕೆ 64 ಮನೆ ಇಟ್ಟರೆ 2,62,144. ಕಾಣುವುದಕ್ಕಿಂತ ಹೆಚ್ಚು ಮನೆ ಒಳಗಿಡುವ ಈ ಉಪಾಯಕ್ಕೆ 1984ರಲ್ಲಿ ಟೆಲ್ನೆಸ್ ಅನ್ನೋರಿಗೆ ಪೇಟೆಂಟ್ ಸಿಕ್ಕ ಕಾಲದಿಂದ ಇದೇ ಆಟ. ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನೋದು ಕಣ್ಣಿಗೆ ಮಾತ್ರ. ಅವನು ನಂಬಲಿಲ್ಲ, ಬಿಡಿ.

ಲಾಗ್ ಹುಚ್ಚು ಹಿಡಿದಿದ್ದ ಹೊತ್ತಿನಲ್ಲೇ ಇನ್ನೊಂದು ಪರೀಕ್ಷೆ ಮಾಡಿದೆ. ಪ್ರವಾಸದ ಕೊನೆಯ ರಾತ್ರಿ ಗೆಲುವು ಕಡಿಮೆ ಬರೋ ಹಾಗೆ ಮೆಷಿನ್ ಬಿಗಿ ಮಾಡುತ್ತಾರೆ ಅಂತ ಗಿರಾಕಿಗಳ ಮಾತಿದೆಯಲ್ಲ. ನಮ್ಮ ಹುಡುಗರಲ್ಲೂ ಕೆಲವರು ನಂಬುತ್ತಾರೆ! ಒಂದೇ ಆಟದ, ಆಡಿದ ದುಡ್ಡಿನಲ್ಲಿ ಸುಮಾರು 90 ಪರ್ಸೆಂಟ್ ವಾಪಸ್ ಕೊಡುವ ಎಂಟು ಮೆಷಿನ್‌ಗಳ ಮೀಟರ್ ದಿನಾ ಬೆಳಗ್ಗೆ ಬರೆದೆ, ಹತ್ತು ವಾರ. ಕೊನೆಯ ರಾತ್ರಿಗಳಲ್ಲಿ ಒಂದು 64 ಪರ್ಸೆಂಟ್ ವಾಪಸ್ ಕೊಟ್ಟರೆ ಪಕ್ಕದ್ದು 131. ಒಂದು ಪ್ರವಾಸದ ಲೆಕ್ಕಕ್ಕೆ 79ರಿಂದ 104. ಹತ್ತು ವಾರ ಆಗುವ ಹೊತ್ತಿಗೆ, ಒಂದೊಂದರಲ್ಲಿ ಒಂದೂವರೆ ಲಕ್ಷ ಸ್ಪಿನ್ ಮೇಲೆ, ಎಲ್ಲ 88–92ರ ಒಳಗೆ ಬಂದು ಕೂತವು. ಕೊನೆಯ ರಾತ್ರಿಗಳನ್ನೆಲ್ಲ ಬೇರೆ ಕೂಡಿಸಿದರೂ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಗಿರಾಕಿ ಆಡುವುದು ಒಂದು ರಾತ್ರಿ, 90 ಅನ್ನೋದು ಲಕ್ಷ ಸ್ಪಿನ್ನಿನ ಮಾತು.

ಕಾಂಟ್ರ್ಯಾಕ್ಟ್ ಮುಗಿಸಿ ಇಳಿದೆ. ನನ್ನ ಜಾಗಕ್ಕೆ ಬಂದ ಹುಡುಗ ಮೊದಲ ವಾರವೇ ‘ಇದೇನು ಇಷ್ಟೊಂದು ಟೈ’ ಅಂತ ನಾಲ್ಕು ಮೆಷಿನ್‌ಗಳದ್ದು ಕತ್ತರಿಸಿ ಹಾಕಿದ. ಹತ್ತನೇ ದಿನ ಮೆಸೇಜ್ ಬಂತು: ‘ಅಣ್ಣಾ, ಸರಿಯಾಗಿ ಆ ನಾಲ್ಕೇ ಕೂಗುತ್ತಿವೆ.’ ಎರಡನೇ ಟೈ ಎಲ್ಲಿ ಅಂತ ಅವನಿಗೆ ಮಾತ್ರ ಫೋಟೋ ಕಳಿಸಿದೆ. ಮೂಲೆಯ ಒಂದು ಮೆಷಿನ್‌ನ ಎರಡನೇ ರೀಲ್ ಮಾತ್ರ ಇನ್ನೂ ತಿಂಗಳಿಗೆರಡು ಸಲ ಟಿಲ್ಟ್ ಆಗುತ್ತಂತೆ. ಸೆನ್ಸರ್ ಬದಲಾಯಿಸಿಯಾಯಿತು, ಮೋಟರ್ ಬದಲಾಯಿಸಿಯಾಯಿತು. ಅದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.