ಇಲಿ ಭ್ರೂಣದ ಶ್ವಾಸಕೋಶವನ್ನು ತಟ್ಟೆಯಲ್ಲಿ ಬೆಳೆಸಿದ್ದು

ಎಫ್‌ಜಿಎಫ್-10 ಎಂಬ ಜೀನ್ ಇಲ್ಲದ ಇಲಿಮರಿಗೆ ಶ್ವಾಸಕೋಶವೇ ಇರುವುದಿಲ್ಲ. ಶ್ವಾಸನಾಳ ಇರುತ್ತದೆ, ಆದರೆ ಕೆಳಗೆ ಮೊಂಡಾಗಿ ನಿಂತುಬಿಡುತ್ತದೆ. ಕೈಕಾಲುಗಳೂ ಮೂಡುವುದಿಲ್ಲ. ಹುಟ್ಟಿದ ಕೂಡಲೇ ಮರಿ ಸಾಯುತ್ತದೆ. 1998–99ರಲ್ಲೇ ಇದು ತಿಳಿದಿತ್ತು. ಆದರೆ ಜೀನ್ ಬೇಕು ಎನ್ನುವುದು ಬೇರೆ, ಅದು ಏನು ಮಾಡುತ್ತದೆ ಎನ್ನುವುದು ಬೇರೆ ಅಲ್ವಾ? ನನಗೆ ಅದನ್ನು ಕಣ್ಣಾರೆ ನೋಡಬೇಕಿತ್ತು.

ಕಾಸರಗೋಡಿನ ನಮ್ಮ ಲ್ಯಾಬ್‌ನಲ್ಲಿ ಪ್ರಾಣಿ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೆ ಕೆಲಸ ಶುರುವಾಯಿತು. ಇಲಿಯ ಗರ್ಭ ಸುಮಾರು 19–20 ದಿನದ್ದು. ಶ್ವಾಸಕೋಶದ ಮೊದಲ ಮೊಗ್ಗು ಒಂಬತ್ತೂವರೆ ದಿನಕ್ಕೆ ಮುಂದೆ ಅನ್ನನಾಳವೂ ಆಗುವ, ಭ್ರೂಣದ ಕರುಳಿನ ಮುಂಭಾಗದಿಂದ ಹೊರಡುತ್ತದೆ. ಹನ್ನೊಂದೂವರೆ ದಿನಕ್ಕೆ ಕವಲು ಆರಂಭವಾಗಿರುತ್ತದೆ. ನಾನು ಶ್ವಾಸಕೋಶವನ್ನು ತೆಗೆದದ್ದು ಆಗ. ತಣ್ಣಗಿನ ಲವಣ ದ್ರಾವಣದಲ್ಲಿ ಭ್ರೂಣವನ್ನಿಟ್ಟು, ಸೂಕ್ಷ್ಮದರ್ಶಕದಡಿ ಚಿಮುಟದಿಂದ ಬಿಡಿಸಬೇಕು. ಅಂಗಾಂಶ ತುಂಬ ಮೆತ್ತಗೆ. ಎಳೆಯಬಾರದು, ಸುತ್ತಲಿನದನ್ನು ಮೊದಲು ಸಡಿಲಿಸಬೇಕು. ಆಮೇಲೆ ತೆಳು ಪೊರೆಯ ಮೇಲಿಟ್ಟು, ಕೆಳಗೆ ಪೋಷಕ ದ್ರವ, ಮೇಲೆ ಗಾಳಿ. 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್.

ನಮ್ಮ ಊರಿನ ಮಳೆಗಾಲ ಇದಕ್ಕೆ ಒಳ್ಳೆಯ ಶತ್ರು. ಆಟಿಯಲ್ಲಿ ಎಲ್ಲೆಂದರಲ್ಲಿ ಬೂಷ್ಟು ಹಿಡಿಯುತ್ತದೆ. ಅಂಗಾಂಶವನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್‌ನ ನೀರಿನ ತಟ್ಟೆಯನ್ನು ಆಗಾಗ ಬದಲಿಸುತ್ತಿದ್ದೆ. ಕರೆಂಟು ಹೋದರೆ ತೊಂದರೆಯಾಗದಂತೆ ಇನ್ವರ್ಟರ್ ಬೇಕೇ ಬೇಕು.

ಒಂದು ದಿನ ಕಳೆದರೆ ಮೊಗ್ಗುಗಳು ಇಮ್ಮಡಿಯಾದದ್ದು ಕಾಣುತ್ತದೆ. ನನಗೆ ಖುಷಿ ತಂದದ್ದು ಮುಂದಿನ ಹಂತ. ಆ ಜೀನ್‌ನಿಂದ ತಯಾರಾಗುವ ಎಫ್‌ಜಿಎಫ್-10 ಪ್ರೋಟೀನ್‌ನಲ್ಲಿ ನೆನೆಸಿದ, ಪ್ರೋಟೀನ್ ಅಂಟಿಕೊಳ್ಳಲೆಂದು ಹೆಪಾರಿನ್ ಎಂಬ ವಸ್ತು ಲೇಪಿಸಿದ ಪುಟ್ಟ ಮಣಿಯನ್ನು ಒಂದು ಮೊಗ್ಗಿನ ಬದಿಗೆ, ಸ್ವಲ್ಪ ದೂರದಲ್ಲಿ ಇಟ್ಟೆ. ಮೊಗ್ಗು ಇದ್ದ ದಾರಿ ಬಿಟ್ಟು ಮಣಿಯ ಕಡೆಗೇ ಬೆಳೆಯಿತು. ಅಡಿಕೆಮರ ಹುಡುಕುವ ಒಳ್ಳೆಮೆಣಸಿನ ಬಳ್ಳಿಯಂತೆ!

ಭ್ರೂಣದೊಳಗೂ ಹೀಗೇ. ಹೊರಗಿನ ಅಂಗಾಂಶ ಈ ಪ್ರೋಟೀನ್ ಬಿಡುತ್ತದೆ, ಒಳಪದರದ ಮೊಗ್ಗು ಅದರತ್ತ ಹೋಗುತ್ತದೆ. ಹತ್ತಿರ ಬಂದ ಮೊಗ್ಗಿನ ತುದಿ ಸೋನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತ ಕಳಿಸಿ ಅಲ್ಲಿನ ಎಫ್‌ಜಿಎಫ್-10 ಅನ್ನು ಕಡಿಮೆ ಮಾಡಿಸುತ್ತದೆ. ಹಾಗಾಗಿ ಜೀನ್ ಇದ್ದರೆ ಸಾಲದು, ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಕೆಲಸ ಮಾಡಬೇಕು.

ಬದಿಯಡ್ಕದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಯೊಬ್ಬಳು ಫೋಟೋ ನೋಡಿ ಕೇಳಿದಳು: “ಮೇಡಂ, ಮಣಿ ಇಟ್ಟದ್ದಕ್ಕೇ ತಿರುಗಿದ್ದೋ, ಪ್ರೋಟೀನ್‌ಗೋ?” ಕೇಳಲೇಬೇಕಾದ ಪ್ರಶ್ನೆ. ಪಕ್ಕದ ತಟ್ಟೆ ತೋರಿಸಿದೆ. ಅಲ್ಲಿ ಮಣಿಗೆ ಎಫ್‌ಜಿಎಫ್-10 ಬದಲು ಆಲ್ಬುಮಿನ್ ಎಂಬ ಬೇರೆ ಪ್ರೋಟೀನ್ ಹಾಕಿದ್ದೆ. ಮೊಗ್ಗು ಅದರ ಕಡೆ ತಿರುಗಿರಲಿಲ್ಲ.