ಕೊಲ್ವಿಲ್-ಸುರ್-ಮೆರ್ ಯುದ್ಧ ಸ್ಮಶಾನ: ಸಮಾಧಿ ಹುಡುಕುವುದು ಹೇಗೆ?

ಫ್ರಾನ್ಸಿನ ನಾರ್ಮಂಡಿಯಲ್ಲಿ, ಒಮಾಹಾ ಕಡಲತೀರದ ಮೇಲಿನ ದಿಬ್ಬದಲ್ಲಿರುವ, ಎರಡನೇ ಮಹಾಯುದ್ಧದ ಈ ಅಮೆರಿಕನ್ ಸ್ಮಶಾನದಲ್ಲಿ 9,300ಕ್ಕೂ ಹೆಚ್ಚು ಸಮಾಧಿಗಳಿವೆ. ಸಾಲುಗಳು ಅಕಾರಾದಿಯಲ್ಲಿಲ್ಲ, ಹುದ್ದೆಯ ಪ್ರಕಾರವೂ ಇಲ್ಲ. ಬರೀ ಹೆಸರು ಹಿಡಿದು ಅಲೆದರೆ ದಿನವೇ ಹೋಗುತ್ತದೆ. ಮೊದಲು ಪ್ಲಾಟ್ (ಸ್ಮಶಾನದ ವಿಭಾಗ), ಸಾಲು, ಸಮಾಧಿ ಸಂಖ್ಯೆ, ಈ ಮೂರನ್ನೂ ಬರೆದುಕೊಳ್ಳಿ. ಪ್ಲಾಟ್‌ಗಳು ಎ ಇಂದ ಜೆ ವರೆಗೆ, ಒಟ್ಟು 10.

ಹೆಸರು ಸಿಗಲಿಲ್ಲವೇ? ಪೂರ್ವದಲ್ಲಿರುವ ಕಾಣೆಯಾದವರ ಗೋಡೆ ನೋಡಿ. ಹೆಸರಿನ ಪಕ್ಕ ಕಂಚಿನ ಪುಟ್ಟ ಹೂಬಿಲ್ಲೆ ಇದ್ದರೆ ಅವರ ಗುರುತು ಆಮೇಲೆ ಪತ್ತೆಯಾಗಿದೆ. ಅಲ್ಲೂ ಇಲ್ಲದಿದ್ದರೆ, ಯುದ್ಧಾನಂತರ ಮನೆಯವರು ದೇಹವನ್ನು ತಾಯ್ನಾಡಿಗೆ ತರಿಸಿಕೊಂಡಿರಬಹುದು. ಹಾಗೆ ಹೋದವರೇ ಹೆಚ್ಚು.

ಕಲ್ಲಿನ ಮೇಲೆ ಹೆಸರು, ಹುದ್ದೆ, ತುಕಡಿ, ರಾಜ್ಯ, ಮರಣದ ದಿನ ಇರುತ್ತವೆ. ಹುಟ್ಟಿದ ದಿನ ಹುಡುಕಬೇಡಿ, ಕೆತ್ತಿಲ್ಲ. ಚಿನ್ನದ ಬಣ್ಣದ ಅಕ್ಷರ ಕಂಡರೆ ಅದು ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಪಡೆದವರದು.

ಬಿಳಿ ಅಮೃತಶಿಲೆಯಲ್ಲಿ ಬಿಳಿ ಅಕ್ಷರ ಫೋಟೋದಲ್ಲಿ ಮೂಡುವುದೇ ಇಲ್ಲ. ಬಂಧುಗಳು ಬಂದಾಗ ಸಿಬ್ಬಂದಿ ಒಮಾಹಾದ ಒದ್ದೆ ಮರಳನ್ನು ಅಕ್ಷರಗಳಿಗೆ ತುಂಬಿ, ಮೇಲಿನದನ್ನು ಸ್ಪಂಜಿನಿಂದ ಒರೆಸುತ್ತಾರೆ. ಹೆಸರು ಹೊಂಬಣ್ಣದಲ್ಲಿ ಎದ್ದು ನಿಲ್ಲುತ್ತದೆ, ಮಳೆ ಬಂದರೆ ತಾನೇ ತೊಳೆದುಹೋಗುತ್ತದೆ. ನೀವಾಗಿ ಬಣ್ಣ, ಸೀಮೆಸುಣ್ಣ ಹಚ್ಚಬೇಡಿ. ಕಲ್ಲು ಕಲೆ ಕಟ್ಟುತ್ತದೆ.